ಸತುವಿನ ತಗಡಿನಲ್ಲಿ ಸುಗ್ಗಿಯ ಗಾಳಿ

ವಸಂತವೆಂದರೆ ಹಸಿರು, ಚಿಗುರು, ಕೋಗಿಲೆ ಎಂದು ಪಾಠದಲ್ಲಿ ಓದಿದ್ದನ್ನು ನೆಚ್ಚಿಕೊಂಡು ಫಾಲ್ಗುಣದಲ್ಲಿ ಜಹೀರಾಬಾದಿನ ಕಡೆ ಹೋದವರಿಗೆ ನಿರಾಸೆಯಾದೀತು. ಅಷ್ಟು ಹೊತ್ತಿಗೆ ತೊಗರಿ ರಾಶಿಯಾಗಿ ಮನೆ ಸೇರಿರುತ್ತದೆ. ಹೊಲದಲ್ಲಿ ಉಳಿಯುವುದು ಕಾಲಿಗೆ ಚುಚ್ಚುವ ಕೂಳೆ ಮಾತ್ರ. ಕಡಲೆ ಕಿತ್ತು ಗುಡ್ಡೆ ಹಾಕಿರುತ್ತಾರೆ. ಬಿಳಿಜೋಳದ ದಂಟು ಒಣಗಿ, ಗಾಳಿ ಬೀಸಿದಾಗಲೆಲ್ಲ ಸರಸರ ಎನ್ನುತ್ತದೆ. ಕುಸುಬಿಯೊಂದು ಮೈತುಂಬ ಮುಳ್ಳು ಚಾಚಿಕೊಂಡು, ಹತ್ತಿರ ಬಂದು ನೋಡಿ ಎಂಬಂತೆ ನಿಂತಿರುತ್ತದೆ. ಬದುವಿನ ಮೇಲೆ ಜಾಲಿ, ಬೇವು. ಎಲೆಯೆಲ್ಲ ಉದುರಿಸಿಕೊಂಡ ಮುತ್ತುಗದಲ್ಲಿ ಒಂದಿಷ್ಟು ಕೆಂಪು ಹೂ. ಬಣ್ಣ ಅಂತ ಇರುವುದು ಅಷ್ಟೇ. ಮಿಕ್ಕಿದ್ದೆಲ್ಲ ಗೆರೆ: ಕೂಳೆಯ ಗೆರೆ, ಮುಳ್ಳಿನ ಗೆರೆ, ಸೀಳು ಬಿಟ್ಟ ಕರಿಮಣ್ಣಿನ ಗೆರೆ, ಮಧ್ಯಾಹ್ನದ ಗಾಳಿಗೆ ಒಂದೇ ಕಡೆ ವಾಲಿದ ದಂಟಿನ ಗೆರೆ.

ಇಂಥ ನೆಲವನ್ನು ಕುಂಚ ಹಿಡಿದು ಬರೆಯುವವನಿಗಿಂತ ಸೂಜಿ ಹಿಡಿದು ಗೀರುವವನು ಚೆನ್ನಾಗಿ ಕಾಣಿಸಬಲ್ಲ ಎಂಬುದು ನನ್ನ ವಾದ. ಆ ವಾದಕ್ಕೆ ಸಾಕ್ಷಿಯಾಗಿ ಇದೇ ಸೀಮೆಯಲ್ಲಿ ಹುಟ್ಟಿದ ಒಬ್ಬ ಕಲಾವಿದರಿದ್ದಾರೆ. ಕೆ. ಲಕ್ಷ್ಮಾ ಗೌಡ್ ಹುಟ್ಟಿದ್ದು 1940ರಲ್ಲಿ, ಮೆದಕ್ ಜಿಲ್ಲೆಯ ನಿಜಾಂಪುರ ಎಂಬ ಹಳ್ಳಿಯಲ್ಲಿ. ಭಾರತದ ಮುದ್ರಣಕಲೆಯ ಚರಿತ್ರೆ ಬರೆಯುವವರು ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಎಚಿಂಗ್ ಎಂಬ ಕಲೆಯ ಮೂಲಕ ಅವರು ದಖ್ಖನಿನ ಹಳ್ಳಿಯನ್ನು, ಆಡು-ಎತ್ತು-ಗಿಡ-ಗಂಟಿ-ಹೆಣ್ಣು-ಗಂಡುಗಳ ಸಮೇತ, ಅಂಗೈಯಗಲದ ಸತುವಿನ ತಗಡಿನ ಮೇಲೆ ಇಳಿಸಿದರು. ಕನ್ನಡದ ಓದುಗರಿಗೆ ಈ ಹೆಸರು ಅಷ್ಟಾಗಿ ಪರಿಚಯವಿಲ್ಲ. ಅವರ ಸೀಮೆಯೋ, ನಮಗೆ ಪಕ್ಕದ ಮನೆ.

ಪಕ್ಕದ ಮನೆ ಎನ್ನುವುದೂ ಅರ್ಧ ಮಾತೇ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಭಾಷಾವಾರು ವಿಂಗಡಣೆಯಾದಾಗ ಮೊದಲೆರಡು ಮೆದಕ್ ಜಿಲ್ಲೆಗೆ ಹೋದವು, ತಾಂಡೂರು ಹೈದರಾಬಾದಿನ ಕಡೆ ಸೇರಿತು. 2016ರಲ್ಲಿ ತೆಲಂಗಾಣ ತನ್ನ ಜಿಲ್ಲೆಗಳನ್ನು ಒಡೆದ ಮೇಲೆ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಸೇರಿವೆ. ಗಡಿ ಎಷ್ಟು ಸಲ ಬದಲಾದರೂ ಹೆಣ್ಣು ಕೊಡುವುದು ತರುವುದು ಬೀದರ್, ಹುಮನಾಬಾದ್, ಚಿಂಚೋಳಿ, ಸೇಡಂ ಕಡೆಯೇ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ನಮ್ಮ ಕಡೆಯಿಂದ ಹೋಗುವ ಭಕ್ತರಿಗೆ ತಾವು ಬೇರೆ ರಾಜ್ಯಕ್ಕೆ ಬಂದೆವೆಂಬ ನೆನಪೇ ಇರುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವವರು ಗಡಿಯ ಎರಡೂ ಬದಿಗೆ ಇದ್ದಾರೆ.

ಇನ್ನು ಆ ಕಲೆಯ ಸಂಗತಿ. ಮುದ್ರಣಕಲೆ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗೋಡೆಯ ಕ್ಯಾಲೆಂಡರು. ಅದಕ್ಕೆ ಕಾರಣವೂ ಇದೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ದೇವರು ಅಚ್ಚಾಗಿ ಮನೆಮನೆಗೆ ಬಂದ. ಗುಲ್ಬರ್ಗಾದಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಬರೆದ ಪುರಾಣದ ಚಿತ್ರಗಳೂ ಕ್ಯಾಲೆಂಡರುಗಳಾಗಿ ದೇಶದ ಉದ್ದಗಲಕ್ಕೂ ಹೋದವು. ಅವು ಚಿತ್ರದ ಪ್ರತಿಗಳು: ಮೂಲ ಬೇರೆ ಎಲ್ಲೋ ಇರುತ್ತದೆ, ಯಂತ್ರ ಅದರ ನಕಲು ತೆಗೆಯುತ್ತದೆ. ಎಚಿಂಗಿನಲ್ಲಿ ಹಾಗಿಲ್ಲ. ತಗಡನ್ನು ಕಲಾವಿದನೇ ಕೊರೆಯುತ್ತಾನೆ, ಮಸಿಯನ್ನು ಅವನೇ ಸವರುತ್ತಾನೆ, ಕಾಗದದ ಮೇಲೆ ಬಿದ್ದದ್ದೇ ಮೂಲ ಕೃತಿ. ಇಪ್ಪತ್ತು ಪ್ರತಿ ತೆಗೆದರೆ ಇಪ್ಪತ್ತೂ ಮೂಲವೇ. ಚಿತ್ರದ ಕೆಳಗೆ ಎಡಮೂಲೆಯಲ್ಲಿ ಪೆನ್ಸಿಲ್ಲಿನಿಂದ 3/20 ಎಂದು ಬರೆದಿದ್ದರೆ ಅದು ಇಪ್ಪತ್ತರಲ್ಲಿ ಮೂರನೆಯದು ಎಂದು ಅರ್ಥ, ಬಲಮೂಲೆಯಲ್ಲಿ ಸಹಿ. ಅಷ್ಟೂ ಪ್ರತಿ ಮುಗಿದ ಮೇಲೆ ತಗಡಿನ ಮೇಲೆ ಅಡ್ಡ ಗೀಟು ಎಳೆದು ಕೆಡಿಸುವ ರೂಢಿಯೂ ಇದೆ, ಮತ್ತೆ ಯಾರೂ ಕದ್ದು ಅಚ್ಚು ಹಾಕದಿರಲಿ ಎಂದು.

ಕೆಲಸ ನಡೆಯುವ ಬಗೆ ಹೀಗೆ. ಸತುವಿನ ತಗಡನ್ನು ಉಜ್ಜಿ ಕನ್ನಡಿಯಾಗಿಸುತ್ತಾರೆ. ಅಂಚುಗಳನ್ನು ಅರದಿಂದ ಇಳಿಜಾರು ಮಾಡುತ್ತಾರೆ. ಇಲ್ಲದಿದ್ದರೆ ಪ್ರೆಸ್ಸಿನಲ್ಲಿ ಕಾಗದ ಹರಿಯುತ್ತದೆ. ತಗಡನ್ನು ಬಿಸಿ ಮಾಡಿ ಮೇಣ, ರಾಳ, ಡಾಂಬರಿನಂಥ ಅಸ್ಫಾಲ್ಟಂ ಬೆರೆಸಿದ ತೆಳು ಲೇಪ ಹಚ್ಚುತ್ತಾರೆ. ಆಮೇಲೆ ಅದನ್ನು ತಲೆಕೆಳಗು ಹಿಡಿದು ಉರಿಯುವ ಮೇಣದ ಬತ್ತಿಯ ಹೊಗೆಗೆ ಒಡ್ಡುತ್ತಾರೆ. ತಗಡು ಕಾಡಿಗೆಗಪ್ಪಾಗುತ್ತದೆ. ಈಗ ಸೂಜಿ. ಸೂಜಿ ಓಡಿದಲ್ಲೆಲ್ಲ ಲೇಪ ಎದ್ದು ಒಳಗಿನ ಲೋಹ ಬೆಳ್ಳಿಯಂತೆ ಹೊಳೆಯುತ್ತದೆ. ಕಲಾವಿದ ಕರಿಯ ಮೇಲೆ ಬಿಳಿ ಗೆರೆ ಬರೆಯುತ್ತಿದ್ದಾನೆ. ಕಾಗದದ ಮೇಲೆ ಅದು ಬಿಳಿಯ ಮೇಲೆ ಕರಿ ಗೆರೆಯಾಗಿ ಬೀಳಲಿದೆ. ಎಡ ಇದ್ದದ್ದು ಬಲಕ್ಕೆ ಹೋಗಲಿದೆ. ಪಶ್ಚಿಮದ ಗಾಳಿ ಬೇಕಾದರೆ ಪೂರ್ವದ ಗಾಳಿ ಬರೆಯಬೇಕು.

ಬೀದರಿನವರು ಇದನ್ನು ಓದುತ್ತಿದ್ದರೆ ಇಷ್ಟು ಹೊತ್ತಿಗೆ ಅವರ ತುಟಿಯಲ್ಲಿ ನಗು ಮೂಡಿರಬೇಕು. ಬಿದರಿ ಕೆಲಸ ಕಂಡವರಿಗೆ ಇದರಲ್ಲಿ ಹೊಸದೇನಿದೆ? ಬಿದರಿಯ ಪಾತ್ರೆಯೂ ಸತುವಿನದೇ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಎರಕ ಹೊಯ್ದು ಉಜ್ಜಿದ ಮೇಲೆ ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಮೊನೆಯಿಂದ ಬಳ್ಳಿ-ಹೂ ಗೀರುತ್ತಾರೆ, ಉಳಿಯಿಂದ ಕೆತ್ತುತ್ತಾರೆ. ಅಲ್ಲಿಂದ ದಾರಿ ಬೇರೆಯಾಗುತ್ತದೆ. ಬಿದರಿಯವನು ಕೆತ್ತಿದ ಕುಳಿಯಲ್ಲಿ ಬೆಳ್ಳಿ ತುಂಬಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿ ಶಾಶ್ವತ ಕಪ್ಪು ತರುತ್ತಾನೆ. ಎಚಿಂಗಿನವನು ಕುಳಿಯಲ್ಲಿ ಮಸಿ ತುಂಬಿ ಕಾಗದಕ್ಕೆ ಕೊಡುತ್ತಾನೆ. ಯುರೋಪಿನಲ್ಲಿಯೂ ಈ ಕಲೆ ಹುಟ್ಟಿದ್ದು ಲೋಹದ ಕೆಲಸದವರ ಕೈಯಲ್ಲೇ. ಕವಚದ ಮೇಲೆ ಆಮ್ಲದಿಂದ ಅಲಂಕಾರ ಕೊರೆಯುತ್ತಿದ್ದ ಆಗ್ಸ್‌ಬರ್ಗಿನ ಡೇನಿಯಲ್ ಹಾಪ್ಫರ್ ಸುಮಾರು 1500ರ ಹೊತ್ತಿಗೆ ಅದೇ ವಿದ್ಯೆಯನ್ನು ಕಾಗದದ ಚಿತ್ರಕ್ಕೆ ತಿರುಗಿಸಿದ. ಬೀದರಿನಿಂದ ಜಹೀರಾಬಾದಿಗೆ ಒಂದು ತಾಸಿನ ದಾರಿ. 2023ರಲ್ಲಿ ಪದ್ಮಶ್ರೀ ಪಡೆದ ಷಾ ರಶೀದ್ ಅಹ್ಮದ್ ಖಾದ್ರಿಯವರ ಬಿದರಿಯನ್ನೂ 2016ರಲ್ಲಿ ಅದೇ ಗೌರವ ಪಡೆದ ಲಕ್ಷ್ಮಾ ಗೌಡರ ಎಚಿಂಗನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವ ಪ್ರದರ್ಶನವನ್ನು ಯಾರಾದರೂ ಮಾಡಿದರೆ ನೋಡಲು ನಾನಂತೂ ಬರುತ್ತೇನೆ.

ತಗಡಿಗೆ ಮರಳೋಣ. ಗೀರಿದ ತಗಡನ್ನು ತೆಳು ನೈಟ್ರಿಕ್ ಆಮ್ಲದ ತಟ್ಟೆಯಲ್ಲಿ ಮಲಗಿಸುತ್ತಾರೆ. ಲೇಪ ಇರುವಲ್ಲಿ ಆಮ್ಲಕ್ಕೆ ಪ್ರವೇಶವಿಲ್ಲ. ಸೂಜಿ ತೆರೆದ ಗೆರೆಯಲ್ಲಿ ಮಾತ್ರ ಅದು ಲೋಹವನ್ನು ತಿನ್ನುತ್ತದೆ. ಗೆರೆಗುಂಟ ಸಣ್ಣ ಗುಳ್ಳೆಗಳು ಏಳುತ್ತವೆ, ಅವನ್ನು ಹಕ್ಕಿಯ ಗರಿಯಿಂದ ಸವರಿ ಓಡಿಸಬೇಕು. ಗುಳ್ಳೆ ಕುಳಿತಲ್ಲಿ ಗೆರೆ ಹರಕು ಮುರುಕಾಗುತ್ತದೆ. ಸ್ವಲ್ಪ ಹೊತ್ತಿಗೆ ತೆಗೆದರೆ ನವಿರು ಗೆರೆ. ದೂರದ ಗುಡ್ಡಕ್ಕೆ, ಆಕಾಶದ ದೂಳಿಗೆ ಅಷ್ಟು ಸಾಕು. ಆ ಭಾಗವನ್ನು ವಾರ್ನಿಷ್‌ನಿಂದ ಮುಚ್ಚಿ ಉಳಿದದ್ದನ್ನು ಮತ್ತೆ ಆಮ್ಲಕ್ಕೆ ಬಿಡುತ್ತಾರೆ. ಹತ್ತಿರದ ಕೂಳೆಗೆ, ಜಾಲಿಯ ಮುಳ್ಳಿಗೆ ಆಳದ ಗೆರೆ ಬೇಕು, ಅವು ಕೊನೆಯವರೆಗೂ ತಟ್ಟೆಯಲ್ಲೇ ಇರುತ್ತವೆ. ಹೀಗೆ ಎಚಿಂಗಿನಲ್ಲಿ ದೂರ-ಹತ್ತಿರ ಎನ್ನುವುದೆಲ್ಲ ಹೊತ್ತಿನ ಲೆಕ್ಕ. ಈಚೆಗೆ ಹಲವು ಸ್ಟುಡಿಯೊಗಳು ನೈಟ್ರಿಕ್ ಆಮ್ಲದ ಹೊಗೆಗೆ ಹೆದರಿ ಮೈಲುತುತ್ತ ಮತ್ತು ಉಪ್ಪಿನ ದ್ರಾವಣಕ್ಕೆ ಹೊರಳಿವೆ. ದ್ರಾಕ್ಷಿ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದವರ ಮನೆಯಲ್ಲಿ ಮೈಲುತುತ್ತ ಹೇಗೂ ಇರುತ್ತದೆ!

ಗೆರೆಯಲ್ಲದ ಬೂದುಬಣ್ಣಕ್ಕೆ ಅಕ್ವಾಟಿಂಟ್ ಎಂಬ ಇನ್ನೊಂದು ಉಪಾಯವಿದೆ. ನುಣ್ಣಗೆ ಪುಡಿ ಮಾಡಿದ ರಾಳವನ್ನು ತಗಡಿನ ಮೇಲೆ ಉದುರಿಸಿ, ಕೆಳಗಿನಿಂದ ಕಾಯಿಸಿ ಅಂಟಿಸುತ್ತಾರೆ. ಕಣಕಣದ ಸಂದಿಯಲ್ಲಿ ಆಮ್ಲ ಇಳಿದು ಮೈಯೆಲ್ಲ ತರಿತರಿಯಾಗುತ್ತದೆ, ಆ ತರಿ ಮಸಿ ಹಿಡಿಯುತ್ತದೆ. ಮಾರ್ಚಿನ ಮಧ್ಯಾಹ್ನ ಸುಂಟರಗಾಳಿ ಎಬ್ಬಿಸಿದ ದೂಳು ಹೊಲದ ಮೇಲೆ ತೇಲುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ದೂಳನ್ನು ತೋರಿಸಲು ದೂಳನ್ನೇ ಉದುರಿಸುವ ಕಲೆ ಅದು.

ಕೊನೆಗೆ ಅಚ್ಚು. ಲೇಪವನ್ನೆಲ್ಲ ತೊಳೆದು, ದಪ್ಪ ಮಸಿಯನ್ನು ತಗಡಿನ ತುಂಬ ಮೆತ್ತಿ, ಒರಟು ಬಟ್ಟೆಯಿಂದ ಒರೆಸುತ್ತಾರೆ. ಆಮೇಲೆ ಬರಿಗೈ. ರೊಟ್ಟಿ ತಟ್ಟುವವರ ಅಂಗೈಯಂತೆ ಇಲ್ಲೂ ಅಂಗೈಗೆ ಹದ ಗೊತ್ತಿರಬೇಕು: ಮೇಲ್ಮೈಯ ಮಸಿ ಹೋಗಬೇಕು, ಕುಳಿಯೊಳಗಿನದು ಉಳಿಯಬೇಕು. ನೆನೆಸಿ ನೀರು ಆರಿಸಿದ ದಪ್ಪ ಕಾಗದವನ್ನು ಮೇಲೆ ಹೊದಿಸಿ, ಅದರ ಮೇಲೆ ಉಣ್ಣೆಯ ಕಂಬಳಿ ಹಾಸಿ, ಎರಡು ಉಕ್ಕಿನ ಉರುಳೆಗಳ ನಡುವೆ ಹಾಯಿಸುತ್ತಾರೆ. ಒತ್ತಡಕ್ಕೆ ಕಾಗದ ಕುಳಿಯೊಳಗೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಅದಕ್ಕೇ ಒಳ್ಳೆಯ ಎಚಿಂಗಿನ ಗೆರೆ ಬೆರಳಿಗೆ ತಾಗುವಂತಿರುತ್ತದೆ, ಸುತ್ತ ತಗಡಿನ ಅಂಚು ಒತ್ತಿದ ಚೌಕದ ಗುರುತೂ ಇರುತ್ತದೆ. ಮುಟ್ಟಿ ನೋಡಲು ಗ್ಯಾಲರಿಯವರು ಬಿಡುವುದಿಲ್ಲ, ಅದು ಬೇರೆ ಮಾತು.

ಗಾಳಿಯನ್ನು ಅಚ್ಚಿನಲ್ಲಿ ಹಿಡಿಯಲು ಹೊರಟವರಲ್ಲಿ ಇಬ್ಬರನ್ನು ನೆನೆಯಲೇಬೇಕು. 1830ರ ದಶಕದ ಆರಂಭದ ಹೊಕುಸಾಯ್ ಮರದಚ್ಚು ಚಿತ್ರವೊಂದರಲ್ಲಿ, ಜಪಾನಿನ ಎಜಿರಿ ಎಂಬ ಊರಿನ ಹತ್ತಿರ ಗದ್ದೆಗಳ ನಡುವಿನ ದಾರಿಯಲ್ಲಿ ಹೋಗುವವರು ಗಾಳಿಗೆ ಸಿಕ್ಕಿದ್ದಾರೆ. ಒಬ್ಬನ ಟೋಪಿ ಹಾರಿದೆ, ಒಬ್ಬಳ ಕೈಯ ಕಾಗದಗಳು ಸಾಲಾಗಿ ಆಕಾಶಕ್ಕೆ ಏರಿವೆ, ತೆಳ್ಳನೆಯ ಮರಗಳೆರಡು ಬಾಗಿವೆ. ಹಿಂದೆ ಫ್ಯೂಜಿ ಪರ್ವತ ಒಂದೇ ಗೆರೆಯಲ್ಲಿ, ಏನೂ ಆಗಿಲ್ಲವೆಂಬಂತೆ ಕೂತಿದೆ. ರೆಂಬ್ರಾಂಟ್ 1643ರಲ್ಲಿ ಮಾಡಿದ ಮೂರು ಮರಗಳ ಎಚಿಂಗಿನಲ್ಲಿ ಗಾಳಿ-ಮಳೆ ಆಗತಾನೆ ಸರಿದುಹೋಗುತ್ತಿದೆ; ಎಡಬದಿಗೆ ಓರೆಯಾಗಿ ಎಳೆದ ನೇರ ಗೆರೆಗಳೇ ಮಳೆ. ಬಯಲಿನಲ್ಲಿ ಕಾಣುವ ಹೊಲಗಳು, ದನಗಳು ಇರುವೆಯಷ್ಟು ಸಣ್ಣವು. ಇಬ್ಬರೂ ಗಾಳಿಯನ್ನು ಬರೆದಿಲ್ಲ. ಗಾಳಿ ಯಾವುದನ್ನು ಎತ್ತಿಕೊಂಡು ಹೋಯಿತು, ಯಾವುದನ್ನು ಬಾಗಿಸಿತು ಎಂಬುದನ್ನು ಬರೆದಿದ್ದಾರೆ.

ನಮ್ಮ ಸೀಮೆಯಲ್ಲಿ ಗಾಳಿಗೆ ಇನ್ನೊಂದು ಉದ್ಯೋಗವಿತ್ತು. ರಾಶಿ ಮಷಿನ್ ಬರುವ ಮೊದಲು ಸುಗ್ಗಿಯಲ್ಲಿ ಕಾಳು-ಹೊಟ್ಟು ಬೇರೆ ಮಾಡುತ್ತಿದ್ದದ್ದು ಗಾಳಿಯೇ. ಕಣದಲ್ಲಿ ಎತ್ತು ತುಳಿಸಿದ ಮೇಲೆ ಎತ್ತರದಲ್ಲಿ ಮೊರ ಹಿಡಿದು ನಿಂತು ತೂರಬೇಕು. ಕಾಳು ಕಾಲಬುಡಕ್ಕೆ, ಹೊಟ್ಟು ನಾಲ್ಕು ಮಾರು ಆಚೆಗೆ. ಗಾಳಿ ಬಿದ್ದುಹೋದರೆ ಇಡೀ ಕಣ ಕೈಕಟ್ಟಿ ಕೂರುತ್ತಿತ್ತು. ಎದ್ದರೆ ನಡುರಾತ್ರಿಯಾದರೂ ತೂರುತ್ತಿದ್ದರು. ಈ ಸೀಮೆಯಲ್ಲಿ ಬೆಳೆದ ಯಾವ ಕಲಾವಿದನಿಗೂ ಗಾಳಿ ಬರೀ ಸೊಗಸಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಅದು ಮನೆಮಂದಿಯ ಕೂಡ ದುಡಿಯುವ ಆಳು.

ಲಕ್ಷ್ಮಾ ಗೌಡರು ಹೈದರಾಬಾದಿನ ಸರ್ಕಾರಿ ಲಲಿತಕಲಾ ಕಾಲೇಜಿನಲ್ಲಿ ಕಲಿತು, 1963ರಲ್ಲಿ ಬರೋಡಾಕ್ಕೆ ಹೋದರು. ಅಲ್ಲಿ ಗುರುವಾಗಿ ಸಿಕ್ಕಿದವರು ಕೆ.ಜಿ. ಸುಬ್ರಮಣ್ಯನ್. ಶಾಂತಿನಿಕೇತನದಿಂದ ಬಂದ ಸುಬ್ರಮಣ್ಯನ್ ಅವರಿಗೆ ಜನಪದ ಕುಶಲಕಲೆ ಮತ್ತು ಆಧುನಿಕ ಕಲೆ ಎಂಬ ಗೋಡೆಯಲ್ಲಿ ನಂಬಿಕೆ ಇರಲಿಲ್ಲ. ಗೌಡರು ಭಿತ್ತಿಚಿತ್ರ ಕಲಿಯಲು ಹೋದವರು, ಎಚಿಂಗಿಗೆ ಒಲಿದರು. ಹಿಂದಿರುಗಿ ಬಂದ ಮೇಲೆ ಕೆಲಕಾಲ ಹೈದರಾಬಾದ್ ದೂರದರ್ಶನದಲ್ಲಿ ಕೆಲಸ ಮಾಡಿದರು, ಮುಂದೆ ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆಯಲ್ಲಿ ಪಾಠ ಹೇಳಿದರು. ಜೇಡಿಮಣ್ಣು, ಕಂಚು, ಗಾಜಿನ ಹಿಂಬದಿಯ ಚಿತ್ರ ಎಲ್ಲವನ್ನೂ ಮಾಡಿದ್ದಾರೆ. ಆದರೂ ಅವರ ಹೆಸರು ನಿಂತಿರುವುದು 1960-70ರ ದಶಕಗಳ ಎಚಿಂಗುಗಳ ಮೇಲೆ.

ಅವರನ್ನು ನಿಸರ್ಗಚಿತ್ರದ ಕಲಾವಿದ ಎಂದು ಕರೆಯಲಾಗದು. ಅವರ ತಗಡಿನಲ್ಲಿ ಹೊಲ ಬರಿದಾಗಿ ಬರುವುದಿಲ್ಲ. ಅದರಲ್ಲಿ ಆಡು ಇರುತ್ತದೆ, ರುಮಾಲು ಸುತ್ತಿದ ಗಂಡಸು, ಮೂಗುತಿಯ ಹೆಂಗಸು ಇರುತ್ತಾರೆ, ಅವರ ನಡುವಿನ ಕಾಮವೂ ಮುಚ್ಚುಮರೆಯಿಲ್ಲದೆ ಇರುತ್ತದೆ. ಮೊದಲ ಸಲ ನೋಡುವವರು ಮುಜುಗರ ಪಟ್ಟುಕೊಂಡರೆ ಅಚ್ಚರಿಯಿಲ್ಲ. ಹಳ್ಳಿಯೆಂದರೆ ಮುಗ್ಧತೆ ಎಂದುಕೊಂಡ ಪೇಟೆಯವರಿಗೆ ಆ ಮುಜುಗರ ಬೇಕೂ ಆಗಿತ್ತು. ನಾನು ಮೆಚ್ಚುವುದು ಮಾತ್ರ ಇನ್ನೊಂದನ್ನು: ಆಡಿನ ಕೂದಲು, ಪೊದೆಯ ಕಡ್ಡಿ, ಗುಡಿಸಲಿನ ಹುಲ್ಲು, ಮನುಷ್ಯನ ಮೈ ಎಲ್ಲವೂ ಒಂದೇ ಬಗೆಯ ನವಿರು ಗೆರೆಯಿಂದ ಆಗಿರುವುದನ್ನು. ಎಲ್ಲಿ ಗಿಡ ಮುಗಿದು ಪ್ರಾಣಿ ಶುರುವಾಯಿತು ಎಂದು ಹೇಳುವುದು ಕಷ್ಟ. ಬೇಸಿಗೆ ಹತ್ತಿರವಾದ ದಖ್ಖನಿನ ಹೊಲದಲ್ಲಿ ಕಣ್ಣು ಕಿರಿದು ಮಾಡಿ ನಿಂತವರಿಗೆ ಆಡಿನ ಮಂದೆಯೂ ಜಾಲಿಯ ಕಂಟಿಯೂ ಹಾಗೇ ಕಲಸಿಹೋಗಿ ಕಾಣುತ್ತವೆ.

ತಾಂಡೂರಿನ ಬಗ್ಗೆ ಒಂದು ಮಾತು ಹೇಳದೆ ಹೋಗಲಾರೆ. ಆ ಊರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದಕ್ಕೂ ಬಹಳ ಮೊದಲೇ ಊರು ಹೆಸರಾಗಿದ್ದು ಫರಸಿ ಕಲ್ಲಿಗೆ. ಶಹಾಬಾದಿನ ಕಲ್ಲಿನ ಹಾಗೆ ಅದೂ ಸುಣ್ಣಕಲ್ಲು. ಲಿಥೊಗ್ರಫಿ ಎಂಬ ಕಲ್ಲಚ್ಚಿಗೆ ಬೇಕಾದದ್ದೂ ಸುಣ್ಣಕಲ್ಲೇ, ಆದರೆ ತೀರ ನುಣುಪಾದ ಕಣದ್ದು; ಜರ್ಮನಿಯ ಸೋಲ್ನ್‌ಹೋಫೆನ್ ಕಲ್ಲು ಅದಕ್ಕೆ ಪ್ರಸಿದ್ಧ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ನಿಜಾಮರ ಸೀಮೆಯಲ್ಲಿ ಉರ್ದು ಪುಸ್ತಕ-ಪತ್ರಿಕೆಗಳು ಬಹುಕಾಲ ಅದೇ ದಾರಿ ಹಿಡಿದಿದ್ದವು, ಕಾತಿಬರೆಂಬ ಲಿಪಿಕಾರರ ಕೈಬರಹ ಹಾಗೆಯೇ ಉಳಿಯುತ್ತದೆಂದು.

ಈ ಹೊಲಗಳನ್ನು ಅಚ್ಚಿನಲ್ಲಿ ಹಿಡಿದಿಡಲು ಅವಸರವೂ ಇದೆ. ಜಹೀರಾಬಾದಿನ ಪಸ್ತಾಪುರದಲ್ಲಿ 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಸರು ಸಿರಿಧಾನ್ಯದ ಮಾತು ಬಂದಲ್ಲೆಲ್ಲ ಕೇಳಿಬರುತ್ತದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ಅವರೂ ದೂರದರ್ಶನದಲ್ಲಿ ದುಡಿದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ದಲಿತ ಹೆಣ್ಣುಮಕ್ಕಳು ಒಂದೇ ಹೊಲದಲ್ಲಿ ಹತ್ತಿಪ್ಪತ್ತು ಬಗೆ ಬೆಳೆದು ಬೀಜ ಕಾಯುವುದು, ನೀರಿಲ್ಲದೆ ಇಬ್ಬನಿಯ ಮೇಲೆ ಹಿಂಗಾರಿ ಬೆಳೆ ತೆಗೆಯುವುದು, ಸಂಕ್ರಾಂತಿಯಿಂದ ಸಿಂಗರಿಸಿದ ಎತ್ತಿನಗಾಡಿಗಳಲ್ಲಿ ಹಳೆಯ ಬೀಜಗಳನ್ನು ಊರೂರಿಗೆ ಮೆರವಣಿಗೆ ಒಯ್ಯುವುದು, 2008ರಿಂದ ತಮ್ಮದೇ ಸಂಘಂ ರೇಡಿಯೊ ನಡೆಸುವುದು, ಎಲ್ಲ ಅಲ್ಲಿ ನಡೆದಿದೆ. ಅದೇ ಭಾಗದ ನ್ಯಾಲ್ಕಲ್, ಝರಾಸಂಗಮ ಮಂಡಲಗಳಲ್ಲಿ ಹನ್ನೆರಡು ಸಾವಿರ ಎಕರೆಗೂ ಹೆಚ್ಚು ವಿಸ್ತಾರದ ಕೈಗಾರಿಕಾ ವಲಯದ ಯೋಜನೆಯೂ ಇದೆ. ಕಬ್ಬು, ಶುಂಠಿ, ಆಲೂಗಡ್ಡೆಗಳು ಜೋಳದ ಹೊಲಗಳನ್ನು ಆಗಲೇ ಒತ್ತಿವೆ. ಕುಸುಬಿ ಬಿತ್ತುವವರನ್ನು ಹುಡುಕಬೇಕಾಗಿದೆ.

ಬೀದರ್, ಕಲಬುರಗಿ, ಯಾದಗಿರಿಯ ಶಾಲೆಗಳ ಚಿತ್ರಕಲಾ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಎಚಿಂಗಿಗೆ ಆಮ್ಲ ಬೇಕು, ಪ್ರೆಸ್ಸು ಬೇಕು. ಲಿನೊಕಟ್‌ಗೆ ಎರಡೂ ಬೇಡ. ಅಂಗೈಯಗಲದ ಲಿನೋಲಿಯಂ ತುಂಡು, ಕೊರೆಯಲು ಸಣ್ಣ ಉಳಿ, ಒಂದಿಷ್ಟು ಮುದ್ರಣದ ಮಸಿ, ಕಾಗದದ ಬೆನ್ನನ್ನು ಉಜ್ಜಲು ಅಡುಗೆಮನೆಯ ಚಮಚ ಇಷ್ಟಾದರೆ ಅಚ್ಚು ಸಿದ್ಧ. ಗಾಂಧೀಜಿ ಕೋಲೂರಿ ನಡೆಯುವ 1930ರ ಆ ಪ್ರಸಿದ್ಧ ಚಿತ್ರವನ್ನು ನಂದಲಾಲ ಬೋಸರು ಮಾಡಿದ್ದು ಲಿನೊಕಟ್‌ನಲ್ಲೇ. ಯುಗಾದಿಗೆ ಮುಂಚೆ, ಗಾಳಿ ಏಳುವ ಹೊತ್ತಿಗೆ, ಮಕ್ಕಳನ್ನು ಒಮ್ಮೆ ಹೊಲಕ್ಕೆ ಕರೆದುಕೊಂಡು ಹೋಗಿ. ಗುಡ್ಡ-ಸೂರ್ಯ-ತೆಂಗಿನಮರ ಬರೆಯಬೇಡಿ ಎಂದು ಮೊದಲೇ ಹೇಳಿಬಿಡಿ.